ಬೇಸ್‌ಬಾಲ್‌ನ ಮೊದಲ ವೃತ್ತಿಪರರು: ಗೆದ್ದ ಋತುವಿಗಿಂತ ಸೋತ ಒಂದು ಪಂದ್ಯವೇ ಏಕೆ ದೊಡ್ಡದು?

ಹಾಸನದ ಸ್ಕೋರರ್ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಇಪ್ಪತ್ತು ವರ್ಷಗಳಿಂದ ಜಿಲ್ಲಾ ಮಟ್ಟದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತ ಬಂದವನು. ಬೇಸ್‌ಬಾಲ್ ನನಗೆ ಪರಿಚಯವಾದದ್ದು ತೀರ ಇತ್ತೀಚೆಗೆ, ಅದೂ ಹಳೆಯ ಸ್ಕೋರ್ ಪಟ್ಟಿಗಳ ಮೂಲಕ. ಬಿಡುವಿದ್ದಾಗ 19ನೇ ಶತಮಾನದ ಅಮೆರಿಕದ ಪಂದ್ಯಗಳ ಪಟ್ಟಿಗಳನ್ನು ಓದುತ್ತಿರುತ್ತೇನೆ. ಹಾಗೆ ಓದುವಾಗ, 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಂಬ ತಂಡವು ತನ್ನ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ಮೊದಲ ತಂಡವೆಂದೂ, ಆ ವರ್ಷ ಅದು ಒಂದು ಪಂದ್ಯವನ್ನೂ ಸೋಲಲಿಲ್ಲವೆಂದೂ ತಿಳಿಯಿತು. ಆದರೆ ಈ ತಂಡದ ಬಗ್ಗೆ ಎಲ್ಲಿ ಓದಿದರೂ, ಆ ಅಜೇಯ ಋತುವಿಗಿಂತ ಹೆಚ್ಚು ವಿವರವಾಗಿ ಬರೆದಿರುವುದು ಮರುವರ್ಷ ಅವರು ಬ್ರೂಕ್ಲಿನ್‌ನಲ್ಲಿ ಸೋತ ಪಂದ್ಯವನ್ನು. ಇದು ಏಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಆ ಆಟಗಾರರ ಬದುಕಿಗೆ ಸಂಬಂಧಿಸಿದ್ದು. ಒಬ್ಬ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಒಂದೇ ವರ್ಷದಲ್ಲಿ 59 ಪಂದ್ಯ ಗೆದ್ದ ಎಂಬ ಸಾಲನ್ನು ಓದಿ, ಅಚ್ಚಿನ ತಪ್ಪಿರಬೇಕೆಂದು ಎರಡು ಬಾರಿ ನೋಡಿದೆ. ನಮ್ಮಲ್ಲಿ ಒಬ್ಬ ವೇಗದ ಬೌಲರ್ ಸತತವಾಗಿ ಮೂರು ದಿನ ಬೌಲ್ ಮಾಡಿದರೆ ನಾಲ್ಕನೆಯ ದಿನ ಅವನ ಭುಜ ಏಳುವುದಿಲ್ಲ. ಅವರು ಅದನ್ನು ಹೇಗೆ ತಡೆದುಕೊಂಡರು, ಯಾವ ಸಂಬಳಕ್ಕೆ, ಆಮೇಲೆ ಅವರ ಗತಿ ಏನಾಯಿತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಬೇಸ್‌ಬಾಲ್‌ನ ಮೂಲ ನಿಯಮಗಳು ನನಗೆ ಗೊತ್ತಿವೆ, ಆದ್ದರಿಂದ ಅಲ್ಲಿಂದ ಆರಂಭಿಸಬೇಕಾಗಿಲ್ಲ.

ಓಹಾಯೋ ಕನ್ನಡಿಗ ಅವರ ಉತ್ತರ:

ಸ್ಕೋರರ್ ಅವರೇ, ನಾನು ಸಿನ್ಸಿನಾಟಿಯಲ್ಲೇ ಇರುವುದರಿಂದ ಈ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ. ರೆಡ್ ಸ್ಟಾಕಿಂಗ್ಸ್ ಆಡುತ್ತಿದ್ದ ಯೂನಿಯನ್ ಗ್ರೌಂಡ್ಸ್ ಇದ್ದದ್ದು ಇಂದಿನ ಯೂನಿಯನ್ ಟರ್ಮಿನಲ್ ಎಂಬ ಭಾರಿ ರೈಲು ನಿಲ್ದಾಣದ ಆಸುಪಾಸಿನಲ್ಲಿ. ಮಕ್ಕಳನ್ನು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಾಗಲೆಲ್ಲ, ಇಲ್ಲಿಯೇ ಎಲ್ಲೋ ಜಾರ್ಜ್ ರೈಟ್ ನಿಂತಿದ್ದ ಎಂದು ಅವರಿಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಕಥೆಯ ಬೇರು ಇರುವುದು ನಿಮ್ಮ ಕ್ರಿಕೆಟ್‌ನಲ್ಲಿಯೇ. ತಂಡವನ್ನು ಕಟ್ಟಿದ ಹ್ಯಾರಿ ರೈಟ್ 1835ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವರು. ಅವರ ತಂದೆ ಸ್ಯಾಮ್ ರೈಟ್ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರರಾಗಿದ್ದರು, ಮೈದಾನವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಹ್ಯಾರಿ ಸಿನ್ಸಿನಾಟಿಗೆ ಬಂದದ್ದೂ ಬೇಸ್‌ಬಾಲಿಗಾಗಿ ಅಲ್ಲ. 1865ರಲ್ಲಿ ಇಲ್ಲಿನ ಯೂನಿಯನ್ ಕ್ರಿಕೆಟ್ ಕ್ಲಬ್ ಅವರನ್ನು ವರ್ಷಕ್ಕೆ 1,200 ಡಾಲರ್ ಸಂಬಳಕ್ಕೆ ಕರೆಸಿಕೊಂಡಿತ್ತು. ಆಟವಾಡಿ ಕೂಲಿ ಪಡೆಯುವುದು ಆ ಮನೆತನಕ್ಕೆ ನಾಚಿಕೆಯ ವಿಷಯವೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಏಕೆಂದರೆ ಬೇಸ್‌ಬಾಲ್‌ನಲ್ಲಿ ಆಗಿನ ಕಟ್ಟುಪಾಡು ಬೇರೆ ಇತ್ತು: ಆಟಗಾರರೆಲ್ಲ ಹವ್ಯಾಸಿಗಳು ಎಂದು ಹೊರಗೆ ಹೇಳಿಕೊಂಡು, ಒಳಗಿಂದೊಳಗೆ ಹಣ ಕೊಡುವುದು ವಾಡಿಕೆಯಾಗಿತ್ತು. ಹ್ಯಾರಿಯ ತಮ್ಮ ಜಾರ್ಜ್ 1867ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ಸ್ ತಂಡಕ್ಕೆ ಆಡುತ್ತಿದ್ದಾಗ ಅವರನ್ನು ಗುಮಾಸ್ತ ಎಂದು ದಾಖಲಿಸಲಾಗಿತ್ತು. ಅವರ ಕಚೇರಿ ಎಂದು ತೋರಿಸಿದ್ದ ವಿಳಾಸದಲ್ಲಿ ಇದ್ದದ್ದು ಒಂದು ಸಾರ್ವಜನಿಕ ಉದ್ಯಾನ ಎಂದು ಹೇಳುತ್ತಾರೆ.

ಹ್ಯಾರಿ ಈ ಮುಚ್ಚುಮರೆಯನ್ನು ಕೊನೆಗಾಣಿಸಿದರು. 1869ರಲ್ಲಿ ಜಾರ್ಜ್‌ಗೆ 1,400 ಡಾಲರ್, ತಮಗೆ 1,200, ಪಿಚರ್ ಏಸಾ ಬ್ರೈನಾರ್ಡ್‌ಗೆ 1,100, ಮೂರನೇ ಬೇಸ್ (ರನ್‌ಗಾಗಿ ಓಟಗಾರ ಮುಟ್ಟಬೇಕಾದ ನಾಲ್ಕು ನೆಲೆಗಳಲ್ಲಿ ಒಂದು) ಕಾಯುತ್ತಿದ್ದ ಫ್ರೆಡ್ ವಾಟರ್‌ಮನ್‌ಗೆ 1,000, ಇತರರಿಗೆ ತಲಾ 800, ಬದಲಿ ಆಟಗಾರನಿಗೆ 600 ಎಂದು ಸಂಬಳ ನಿಗದಿಯಾಯಿತು. ಒಪ್ಪಂದದ ಅವಧಿ ಮಾರ್ಚ್ 15ರಿಂದ ನವೆಂಬರ್ 15ರವರೆಗೆ. ಸಿನ್ಸಿನಾಟಿಯಲ್ಲೇ ಹುಟ್ಟಿದವನು ತಂಡದಲ್ಲಿ ಮೊದಲ ಬೇಸ್‌ನ ಚಾರ್ಲಿ ಗೌಲ್ಡ್ ಒಬ್ಬನೇ. ಆ ವರ್ಷ ಲೆಕ್ಕಕ್ಕೆ ಬರುವ 57 ಪಂದ್ಯಗಳಲ್ಲಿ ಅವರು ಒಂದನ್ನೂ ಸೋಲಲಿಲ್ಲ. ಟ್ರಾಯ್ ನಗರದ ಹೇಮೇಕರ್ಸ್ ತಂಡದೊಡನೆ ಆಡಿದ ಪಂದ್ಯವೊಂದು ಮಾತ್ರ 17-17ರಲ್ಲಿದ್ದಾಗ ಎದುರಾಳಿಗಳು ಮೈದಾನ ಬಿಟ್ಟು ಹೊರನಡೆದದ್ದರಿಂದ ವಿವಾದದಲ್ಲಿ ಮುಗಿಯಿತು. ಮೇ ತಿಂಗಳಲ್ಲಷ್ಟೇ ಪೂರ್ಣಗೊಂಡಿದ್ದ ಖಂಡಾಂತರ ರೈಲು ಮಾರ್ಗವನ್ನು ಹಿಡಿದು ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿ ಬಂದರು.

ಇನ್ನು ನಿಮ್ಮ ಮೊದಲ ಪ್ರಶ್ನೆ. 1870ರ ಜೂನ್ 14ರಂದು ಬ್ರೂಕ್ಲಿನ್‌ನ ಕ್ಯಾಪಿಟೋಲಿನ್ ಗ್ರೌಂಡ್ಸ್‌ನಲ್ಲಿ, ತಲೆಗೆ 50 ಸೆಂಟ್ ಕೊಟ್ಟು ಒಳಬಂದ ಸಾವಿರಾರು ಜನರೆದುರು, ಅಟ್ಲಾಂಟಿಕ್ಸ್ ತಂಡದೊಡನೆ ಪಂದ್ಯ. ಒಂಬತ್ತು ಇನ್ನಿಂಗ್ಸ್ ಮುಗಿದಾಗ ಎರಡೂ ಕಡೆ ತಲಾ 5 ರನ್. ಆ ಕಾಲದಲ್ಲಿ ಒಂದೊಂದು ತಂಡ ಇಪ್ಪತ್ತು ಮೂವತ್ತು ರನ್ ಗಳಿಸುವುದು ಸಾಮಾನ್ಯವಾಗಿದ್ದರಿಂದ ಈ ಅಂಕಿಯೇ ಆಟದ ಮಟ್ಟವನ್ನು ತಿಳಿಸುತ್ತದೆ. ಅಟ್ಲಾಂಟಿಕ್ಸ್ ಆಟಗಾರರಿಗೆ ಡ್ರಾ ಸಾಕಾಗಿತ್ತು, ಅವರು ಬ್ಯಾಟುಗಳನ್ನು ಎತ್ತಿಕೊಂಡು ಹೊರಟೇಬಿಟ್ಟಿದ್ದರು. ಹ್ಯಾರಿ ರೈಟ್ ಒಪ್ಪಲಿಲ್ಲ. ಇಬ್ಬರು ನಾಯಕರೂ ಸಮ್ಮತಿಸದ ಹೊರತು ಪಂದ್ಯ ಮುಂದುವರಿಯಬೇಕು ಎಂಬ ನಿಯಮವನ್ನು ಅವರು ಮುಂದಿಟ್ಟರು. ನಿಯಮಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಪತ್ರಕರ್ತ ಹೆನ್ರಿ ಚಾಡ್ವಿಕ್ ಅದು ಸರಿಯೆಂದರು. ಡ್ರಾ ಮಾಡಿಕೊಂಡಿದ್ದರೆ ಅಜೇಯ ಎಂಬ ಹೆಸರು ಉಳಿಯುತ್ತಿತ್ತು. ಹಣ ಕೊಟ್ಟು ನೋಡಲು ಬಂದವರಿಗೆ ಸೋಲು ಅಥವಾ ಗೆಲುವನ್ನು ತೋರಿಸಿಯೇ ಕಳುಹಿಸಬೇಕು ಎಂಬ ವೃತ್ತಿಧರ್ಮವನ್ನು ನಾನು ಈ ನಿರ್ಧಾರದಲ್ಲಿ ಕಾಣುತ್ತೇನೆ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ.

ಹತ್ತನೆಯ ಇನ್ನಿಂಗ್ಸ್‌ನಲ್ಲಿ ಅಟ್ಲಾಂಟಿಕ್ಸ್‌ನ ಇಬ್ಬರು ಬೇಸ್‌ಗಳಲ್ಲಿ ನಿಂತಿದ್ದಾಗ ಒಂದು ಚೆಂಡು ನೇರ ಮೇಲಕ್ಕೆ ಹಾರಿತು. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಎಂಬ ಸ್ಥಾನದಲ್ಲಿದ್ದ ಜಾರ್ಜ್ ರೈಟ್ ಅದನ್ನು ಸುಲಭವಾಗಿ ಹಿಡಿಯಬಹುದಿತ್ತು. ಅವರು ಬೇಕೆಂದೇ ನೆಲಕ್ಕೆ ಬಿಟ್ಟು, ಕ್ಯಾಚ್ ಆಗುತ್ತದೆಂದು ನಂಬಿ ನಿಂತಲ್ಲೇ ನಿಂತಿದ್ದ ಇಬ್ಬರೂ ಓಟಗಾರರನ್ನು ಔಟ್ ಮಾಡಿಸಿದರು. ಇಂಥ ಉಪಾಯವನ್ನು ತಡೆಯಲು ನಿಯಮವೊಂದು ಬಂದದ್ದು 1890ರ ದಶಕದಲ್ಲಿ! ಹನ್ನೊಂದನೆಯದರಲ್ಲಿ ಸಿನ್ಸಿನಾಟಿ ಎರಡು ರನ್ ಗಳಿಸಿ 7-5ರ ಮುನ್ನಡೆ ಪಡೆಯಿತು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ಅಟ್ಲಾಂಟಿಕ್ಸ್‌ನ ಚಾರ್ಲಿ ಸ್ಮಿತ್ ಹೊಡೆದು ಬೇಸ್ ತಲುಪಿದ, ಬ್ರೈನಾರ್ಡ್ ಅವರ ಗುರಿ ತಪ್ಪಿದ ಎಸೆತದಿಂದ ಮತ್ತೂ ಮುಂದಕ್ಕೆ ಹೋದ. ಜೋ ಸ್ಟಾರ್ಟ್ ಬಲಬದಿಗೆ ಬಲವಾಗಿ ಹೊಡೆದ ಚೆಂಡು ಮೈದಾನದ ಅಂಚಿನಲ್ಲಿ ಕಿಕ್ಕಿರಿದಿದ್ದ ಜನರ ನಡುವೆ ಹೋಗಿ ಬಿತ್ತು. ಕ್ಯಾಲ್ ಮೆಕ್‌ವೀ ಆ ಜನರನ್ನು ಸರಿಸಿಕೊಂಡು ಚೆಂಡನ್ನು ಹೆಕ್ಕಿ ಎಸೆಯುವಷ್ಟರಲ್ಲಿ ಸ್ಮಿತ್ ರನ್ ಪೂರೈಸಿದ್ದ, ಸ್ಟಾರ್ಟ್ ಮೂರನೇ ಬೇಸ್‌ನಲ್ಲಿದ್ದ. ನಡುವೆ ಒಬ್ಬ ಔಟಾದ ಮೇಲೆ ನಾಯಕ ಬಾಬ್ ಫರ್ಗುಸನ್ ಬಂದು ಎಡಗೈ ಆಟಗಾರನಂತೆ ನಿಂತ. ಅವನು ಬಲಗೈ ಆಟಗಾರ. ಜಾರ್ಜ್ ರೈಟ್ ನಿಂತಿದ್ದ ಕಡೆಗೆ ಚೆಂಡು ಹೋಗಬಾರದು ಎಂಬುದಷ್ಟೇ ಅವನ ಉದ್ದೇಶ. ಹಾಗೆಯೇ ಮತ್ತೊಂದು ಬದಿಗೆ ಹೊಡೆದು ಸ್ಟಾರ್ಟ್ ರನ್ ಪೂರೈಸುವಂತೆ ಮಾಡಿದ, 7-7 ಆಯಿತು. ಪಿಚರ್ ಜಾರ್ಜ್ ಝೆಟ್ಲೈನ್ ಹೊಡೆದ ಚೆಂಡು ಗೌಲ್ಡ್ ಕೈಗೆ ಬಂದು ಜಾರಿತು. ಗೌಲ್ಡ್ ಅದನ್ನು ಎತ್ತಿ ಎರಡನೇ ಬೇಸ್‌ಗೆ ಎಸೆದಾಗ ಗುರಿ ತಪ್ಪಿ ಚೆಂಡು ಎಡ ಮೈದಾನಕ್ಕೆ ಉರುಳಿತು, ಫರ್ಗುಸನ್ ಓಡುತ್ತಲೇ ಬಂದು ಎಂಟನೆಯ ರನ್ ಪೂರೈಸಿದ. ತಂಡದ ಏಕೈಕ ಸಿನ್ಸಿನಾಟಿ ಮಗನ ಕೈಯಿಂದಲೇ ಚೆಂಡು ಜಾರಿದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕ್ಲಬ್ಬಿನ ಅಧ್ಯಕ್ಷ ಏರನ್ ಚಾಂಪಿಯನ್ ಅಂದು ರಾತ್ರಿ ಊರಿಗೆ ಕಳುಹಿಸಿದ ತಂತಿಯಲ್ಲಿ, ಇದುವರೆಗೆ ಆಡಿದ ಅತ್ಯುತ್ತಮ ಪಂದ್ಯ ಇದೆಂದೂ, ಸೋತರೂ ನಮಗೆ ಅವಮಾನವಾಗಿಲ್ಲವೆಂದೂ ತಿಳಿಸಿದರು.

ಆ ವರ್ಷದ ಕೊನೆಗೆ ಸಿನ್ಸಿನಾಟಿಯವರು ಸಂಬಳದ ತಂಡವನ್ನು ಕೈಬಿಟ್ಟರು. ಹ್ಯಾರಿ ತಮ್ಮನನ್ನೂ ಗೌಲ್ಡ್ ಮತ್ತು ಮೆಕ್‌ವೀ ಅವರನ್ನೂ ಬಾಸ್ಟನ್‌ಗೆ ಕರೆದುಕೊಂಡು ಹೋಗಿ, ರೆಡ್ ಸ್ಟಾಕಿಂಗ್ಸ್ ಎಂಬ ಹೆಸರನ್ನೂ ಜೊತೆಗೆ ಒಯ್ದು, 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ ಚಾಂಪಿಯನ್ ಆದರು. 1874ರಲ್ಲಿ ಈ ತಂಡವೂ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡವೂ ಇಂಗ್ಲೆಂಡಿಗೆ ಹೋಗಿ, ಲಾರ್ಡ್ಸ್ ಮೈದಾನದಲ್ಲಿ ಬೇಸ್‌ಬಾಲ್ ಜೊತೆಗೆ ಕ್ರಿಕೆಟನ್ನೂ ಆಡಿದವು. ಹನ್ನೊಂದು ಜನರ ವಿರುದ್ಧ ಹದಿನೆಂಟು ಜನರನ್ನು ಇಳಿಸುವ ಅನುಕೂಲ ಅವರಿಗಿತ್ತು ನಿಜ, ಆದರೂ ಆ ಪ್ರವಾಸದಲ್ಲಿ ಒಂದು ಕ್ರಿಕೆಟ್ ಪಂದ್ಯವನ್ನೂ ಸೋಲಲಿಲ್ಲ.

ಎಡಗೈ ವೇಗಿ ಅವರ ಉತ್ತರ:

59 ಎಂಬುದು ಅಚ್ಚಿನ ತಪ್ಪಲ್ಲ. ಅದು 1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡದ ಚಾರ್ಲ್ಸ್ ರಾಡ್‌ಬರ್ನ್ ಗೆದ್ದ ಪಂದ್ಯಗಳ ಸಂಖ್ಯೆ; ಕೆಲವು ಹಳೆಯ ಪಟ್ಟಿಗಳು 60 ಎನ್ನುತ್ತವೆ. ನಾನು ಸ್ವತಃ ಭುಜದ ನೋವಿನಿಂದ ಇಪ್ಪತ್ತಾರನೆಯ ವಯಸ್ಸಿಗೇ ಕ್ಲಬ್ ಕ್ರಿಕೆಟ್ ಬಿಟ್ಟವನಾದ್ದರಿಂದ ಈ ಮನುಷ್ಯನ ಕಥೆ ನನ್ನನ್ನು ಬಹಳ ಕಾಡಿದೆ.

ಆ ವರ್ಷ ತಂಡದಲ್ಲಿ ಇಬ್ಬರು ಮುಖ್ಯ ಪಿಚರ್‌ಗಳಿದ್ದರು. ಕಿರಿಯನಾದ ಚಾರ್ಲಿ ಸ್ವೀನಿ ಜೂನ್ 7ರಂದು ಬಾಸ್ಟನ್ ವಿರುದ್ಧ 19 ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮಾಡಿದ. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಅದನ್ನು ಮೀರಿಸಲು 1986ರಲ್ಲಿ ರೋಜರ್ ಕ್ಲೆಮೆನ್ಸ್ ಬರಬೇಕಾಯಿತು. ರಾಡ್‌ಬರ್ನ್ ಮತ್ತು ಸ್ವೀನಿ ನಡುವೆ ಹೊಂದಾಣಿಕೆ ಇರಲಿಲ್ಲ. ಜುಲೈ ಮಧ್ಯದಲ್ಲಿ ಆಡಳಿತವು ರಾಡ್‌ಬರ್ನ್‌ನನ್ನು ಅಮಾನತಿನಲ್ಲಿಟ್ಟಿತು. ಕೆಲವೇ ದಿನಗಳ ನಂತರ, ಜುಲೈ 22ರಂದು, ಫಿಲಡೆಲ್ಫಿಯಾ ವಿರುದ್ಧ 6-2ರಿಂದ ಮುಂದಿದ್ದಾಗ ಸ್ವೀನಿ ವ್ಯವಸ್ಥಾಪಕರ ಮಾತು ಕೇಳದೆ ಮೈದಾನ ಬಿಟ್ಟು ನಡೆದ. ಬದಲಿ ಆಟಗಾರನನ್ನು ಇಳಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಉಳಿದ ಎಂಟೇ ಮಂದಿ ಆಡಿ 10-6ರಿಂದ ಸೋತರು. ಸ್ವೀನಿಯನ್ನು ಹೊರಹಾಕಲಾಯಿತು, ತಂಡವನ್ನೇ ಮುಚ್ಚುವ ಮಾತು ಬಂತು.

ರಾಡ್‌ಬರ್ನ್ ಆಗ ಒಂದು ಕರಾರು ಮುಂದಿಟ್ಟ. ಉಳಿದ ಋತುವಿನ ಭಾರವನ್ನೆಲ್ಲ ತಾನು ಹೊರುತ್ತೇನೆ, ಅದಕ್ಕೆ ಹೆಚ್ಚಿನ ಹಣ ಕೊಡಬೇಕು, ವರ್ಷದ ಕೊನೆಗೆ ತನ್ನನ್ನು ಕಟ್ಟುಪಾಡಿನಿಂದ ಬಿಡುಗಡೆ ಮಾಡಬೇಕು. ಈ ಬಿಡುಗಡೆಯ ಮಾತು ಅರ್ಥವಾಗಲು ಒಂದು ಹಿನ್ನೆಲೆ ಬೇಕು. ಒಪ್ಪಂದ ಮುಗಿದರೂ ಆಟಗಾರನು ಬೇರೆ ತಂಡಕ್ಕೆ ಹೋಗದಂತೆ ಮಾಲೀಕರು 1879ರಲ್ಲಿ ತಮ್ಮತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು, ಮೊದಲು ತಂಡಕ್ಕೆ ಐವರನ್ನು ಹೀಗೆ ಕಟ್ಟಿಹಾಕುತ್ತಿದ್ದರು. ತನ್ನ ತೋಳಿನ ಮೇಲೆ ತನಗೇ ಹಕ್ಕಿಲ್ಲದ ಕಾಲದಲ್ಲಿ, ಅದೇ ತೋಳನ್ನು ಒತ್ತೆಯಿಟ್ಟು ಅವನು ಸ್ವಾತಂತ್ರ್ಯವನ್ನು ಕೇಳಿದ.

ಆ ವರ್ಷ ಅವನು ಎಸೆದದ್ದು ಆರುನೂರ ಎಪ್ಪತ್ತೆಂಟು ಇನ್ನಿಂಗ್ಸ್‌ಗೂ ಹೆಚ್ಚು, ಸ್ಟ್ರೈಕ್ ಔಟ್‌ಗಳು 441. ಆರಂಭಿಸಿದ 73 ಪಂದ್ಯಗಳನ್ನೂ ತಾನೇ ಮುಗಿಸಿದ. ಇಂದಿನ ಪಿಚರ್ ವರ್ಷಕ್ಕೆ 200 ಇನ್ನಿಂಗ್ಸ್ ಎಸೆದರೆ ಅದೇ ಹೆಚ್ಚು. ಆಗ ಪಿಚರ್ ಮತ್ತು ಬ್ಯಾಟರ್ ನಡುವೆ ಅಂತರ ಕಡಿಮೆಯಿತ್ತು, ಈಗಿನ 60 ಅಡಿ 6 ಅಂಗುಲ ಬಂದದ್ದು 1893ರಲ್ಲಿ. ಆದರೆ ಭುಜದ ಮೇಲಿನಿಂದ ಎಸೆಯಲು ಪ್ರಾವಿಡೆನ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ಒಪ್ಪಿಗೆ ಕೊಟ್ಟದ್ದೂ ಅದೇ 1884ರಲ್ಲಿ ಎಂಬುದನ್ನು ಮರೆಯಬಾರದು. ಬೆಳಿಗ್ಗೆ ಎದ್ದರೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ, ಪಂದ್ಯಕ್ಕೆ ಮುಂಚೆ ಮೊದಲು ಕೆಲವೇ ಅಡಿ ದೂರಕ್ಕೆ, ಆಮೇಲೆ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸುತ್ತ ಎಸೆದು ತೋಳನ್ನು ಸಡಿಲಗೊಳಿಸುತ್ತಿದ್ದ ಎಂದು ವರ್ಣಿಸುತ್ತಾರೆ. ನನಗೆ ಆ ನೋವಿನ ಪರಿಚಯವಿದೆ. ಅಂಗಿಯ ತೋಳಿಗೆ ಕೈ ತೂರಿಸುವಾಗ ಎಡಗೈಯನ್ನು ಬಲಗೈಯಿಂದ ಹಿಡಿದೆತ್ತಬೇಕಾದ ದಿನಗಳನ್ನು ನಾನು ಕಂಡಿದ್ದೇನೆ. ಪ್ರಾವಿಡೆನ್ಸ್ ತಂಡವು ಲೀಗನ್ನು ಗೆದ್ದಿತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ಸ್ ವಿರುದ್ಧ ಸತತ ಮೂರು ದಿನ ನಡೆದ ಮೂರು ಪಂದ್ಯಗಳನ್ನೂ ರಾಡ್‌ಬರ್ನ್ ಒಬ್ಬನೇ ಎಸೆದು ಗೆಲ್ಲಿಸಿದ.

ಆಮೇಲಿನ ಗತಿಯನ್ನು ಕೇಳಿದ್ದೀರಿ. ಅವನು ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಮದ್ಯದಂಗಡಿ ನಡೆಸಿದ, ಬೇಟೆಯ ಅಪಘಾತದಲ್ಲಿ ಒಂದು ಕಣ್ಣು ಕಳೆದುಕೊಂಡ, 1897ರಲ್ಲಿ 42ನೆಯ ವಯಸ್ಸಿನಲ್ಲಿ ತೀರಿಕೊಂಡ.

ತುಂಗಾತೀರ ಅವರ ಉತ್ತರ:

ಹಿಂದಿನ ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದಾರೆ. ಆದರೆ ಅದೇ 1884ರಲ್ಲಿ ಆಡಿದ ಇನ್ನೊಬ್ಬರ ಹೆಸರು ಇಲ್ಲಿ ಬಾರದಿದ್ದರೆ ಈ ಚರ್ಚೆ ಅಪೂರ್ಣ ಎಂದು ನನ್ನ ಅಭಿಪ್ರಾಯ. ಮೋಸಸ್ ಫ್ಲೀಟ್‌ವುಡ್ ವಾಕರ್ ಓಬರ್ಲಿನ್ ಕಾಲೇಜಿನಲ್ಲಿ ಓದಿದ ಕಪ್ಪು ಜನಾಂಗದ ತರುಣ, ಟೊಲೀಡೊ ತಂಡದ ಕ್ಯಾಚರ್. 1884ರ ಮೇ 1ರಂದು ಲೂಯಿವಿಲ್‌ನಲ್ಲಿ ಅವರು ಅಮೆರಿಕನ್ ಅಸೋಸಿಯೇಷನ್ ಎಂಬ ಮೇಲ್ಮಟ್ಟದ ಲೀಗಿನಲ್ಲಿ ಮೊದಲ ಪಂದ್ಯ ಆಡಿದರು.

ಕ್ಯಾಚರ್‌ನ ಕೆಲಸವನ್ನು ವಿಕೆಟ್ ಕೀಪರ್‌ನ ಕೆಲಸಕ್ಕೆ ಹೋಲಿಸಿ ಯೋಚಿಸಿ. ಆ ಕಾಲದ ಕ್ಯಾಚರ್‌ಗಳಲ್ಲಿ ಹಲವರು ಬರಿಗೈಯಲ್ಲಿ ಅಥವಾ ಬೆರಳು ಮುಚ್ಚದ ತೆಳು ಕೈಗವಸಿನಲ್ಲಿ ಚೆಂಡು ಹಿಡಿಯುತ್ತಿದ್ದರು. ಯಾವ ಎಸೆತ ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಮಾತ್ರ ಬೆರಳುಗಳು ಉಳಿಯುತ್ತವೆ, ಅದಕ್ಕಾಗಿಯೇ ಕ್ಯಾಚರ್ ಮತ್ತು ಪಿಚರ್ ನಡುವೆ ಸನ್ನೆಗಳಿರುತ್ತವೆ. ಟೊಲೀಡೊದ ಮುಖ್ಯ ಪಿಚರ್ ಟೋನಿ ಮುಲೇನ್, ತನ್ನ ಎಸೆತಗಳನ್ನು ಹಿಡಿದ ಕ್ಯಾಚರ್‌ಗಳಲ್ಲೆಲ್ಲ ವಾಕರ್ ಅತ್ಯುತ್ತಮರೆಂದು ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು. ಅದೇ ಮಾತಿನಲ್ಲಿ, ಅವರ ಬಣ್ಣದ ಮೇಲಿನ ದ್ವೇಷದಿಂದ ಅವರ ಸನ್ನೆಗಳನ್ನು ನೋಡದೆ ಮನಬಂದಂತೆ ಎಸೆಯುತ್ತಿದ್ದೆ ಎಂದೂ ಹೇಳಿದರು. ಯಾವ ಎಸೆತ ಬರುವುದೆಂದು ತಿಳಿಯದೆ ವಾಕರ್ ಅವುಗಳನ್ನು ಹಿಡಿದರು. ಗಾಯಗಳ ನಡುವೆ ಆ ಋತುವಿನಲ್ಲಿ 42 ಪಂದ್ಯ ಆಡಿದರು.

ಅವರ ವೃತ್ತಿಜೀವನದ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1883ರ ಆಗಸ್ಟ್ 10ರಂದು ಷಿಕಾಗೊ ತಂಡ ಟೊಲೀಡೊಗೆ ಪ್ರದರ್ಶನ ಪಂದ್ಯಕ್ಕೆ ಬಂದಾಗ, ಅದರ ನಾಯಕ ಕ್ಯಾಪ್ ಆ್ಯನ್ಸನ್, ಮೈದಾನದಲ್ಲಿ ವಾಕರ್ ಇದ್ದರೆ ತಾವು ಆಡುವುದಿಲ್ಲವೆಂದರು. ಕೈಗೆ ನೋವಾಗಿದ್ದ ವಾಕರ್‌ಗೆ ಅಂದು ವಿಶ್ರಾಂತಿ ಕೊಡುವ ಯೋಚನೆಯಿತ್ತು. ಆ ಮಾತು ಕೇಳಿದ ಮೇಲೆ ಟೊಲೀಡೊದ ವ್ಯವಸ್ಥಾಪಕ ಚಾರ್ಲಿ ಮಾರ್ಟನ್ ಅವರನ್ನು ಬೇಕೆಂದೇ ಆಡಿಸಿ, ಆಡದಿದ್ದರೆ ಟಿಕೆಟ್ ಹಣದಲ್ಲಿ ಪಾಲಿಲ್ಲ ಎಂದು ತಿಳಿಸಿದರು. ಆ್ಯನ್ಸನ್ ಆಡಿದರು. ನಾಲ್ಕು ವರ್ಷಗಳ ಮೇಲೆ, 1887ರ ಜುಲೈ 14ರಂದು, ವಾಕರ್ ಮತ್ತು ಕಪ್ಪು ಜನಾಂಗದ ಪಿಚರ್ ಜಾರ್ಜ್ ಸ್ಟೋವಿ ಇದ್ದ ನ್ಯೂಆರ್ಕ್ ತಂಡದೆದುರು ಆ್ಯನ್ಸನ್ ಮತ್ತೆ ಹಾಗೆಯೇ ನಿರಾಕರಿಸಿದಾಗ, ಅವರಿಬ್ಬರನ್ನೂ ಕೂರಿಸಿ ಪಂದ್ಯ ನಡೆಸಲಾಯಿತು. ಅದೇ ದಿನ, ನ್ಯೂಆರ್ಕ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಕಪ್ಪು ಆಟಗಾರರೊಡನೆ ಹೊಸ ಒಪ್ಪಂದ ಮಾಡಿಕೊಳ್ಳಬಾರದೆಂದು ತೀರ್ಮಾನಿಸಿದರು. ಮೇಲ್ಮಟ್ಟದ ಲೀಗಿನಲ್ಲಿ ಮತ್ತೆ ಬಾಗಿಲು ತೆರೆದದ್ದು 1947ರಲ್ಲಿ, ಜ್ಯಾಕಿ ರಾಬಿನ್ಸನ್ ಬಂದಾಗ. ಓಹಾಯೋದವರು ಹೇಳಿದ ವೃತ್ತಿಧರ್ಮವನ್ನು ನಾನೂ ಗೌರವಿಸುತ್ತೇನೆ, ಆದರೆ ಆ ಧರ್ಮ ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಹಾಸನದ ಸ್ಕೋರರ್ ಅವರ ಮರುಮಾತು:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ವಾಕರ್ ಅವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ನಿನ್ನೆ ರಾತ್ರಿ ಅಟ್ಲಾಂಟಿಕ್ಸ್‌ನ ಹನ್ನೊಂದನೆಯ ಇನ್ನಿಂಗ್ಸ್ ಅನ್ನು ನನ್ನ ಪುಸ್ತಕದಲ್ಲಿ ಬರೆದು ನೋಡಿದೆ. ಒಂದು ಕಡೆ ಪೆನ್ಸಿಲ್ ನಿಂತುಹೋಯಿತು: ಜನರ ನಡುವೆ ಬಿದ್ದ ಸ್ಟಾರ್ಟ್ ಅವರ ಹೊಡೆತಕ್ಕೆ ಏನೆಂದು ಬರೆಯಬೇಕು? ಗೌಲ್ಡ್ ಅವರ ಹೆಸರಿನ ಮುಂದೆ ತಪ್ಪು ಎಂದು ಬರೆಯುವ ಪದ್ಧತಿ ಆಗಲೇ ಇತ್ತೇ?

ಓಹಾಯೋ ಕನ್ನಡಿಗ ಅವರ ಉತ್ತರ:

ಸ್ಟಾರ್ಟ್ ಅವರ ಹೊಡೆತವನ್ನು ಮೂರು ಬೇಸ್‌ಗಳ ಹೊಡೆತವೆಂದೇ ವಿವರಣೆಗಳು ದಾಖಲಿಸುತ್ತವೆ, ನೀವೂ ಹಾಗೆಯೇ ಬರೆಯಬಹುದು. ತಪ್ಪುಗಳನ್ನು ಬರೆಯುವ ಪದ್ಧತಿಯೂ ಇತ್ತು, ಅದನ್ನು ರೂಢಿಗೆ ತಂದವರು ಅಂದು ಮೈದಾನದಲ್ಲಿದ್ದ ಅದೇ ಚಾಡ್ವಿಕ್. ಅವರು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿಗಾರರಾಗಿದ್ದವರು, ಬೇಸ್‌ಬಾಲ್‌ನ ಸ್ಕೋರ್ ಪಟ್ಟಿಯನ್ನು ಕ್ರಿಕೆಟ್ ಪಟ್ಟಿಯ ಮಾದರಿಯಲ್ಲೇ ಬೆಳೆಸಿದರು. ಸ್ಟ್ರೈಕ್ ಔಟ್‌ಗೆ ಇಂದಿಗೂ ಕೆ ಅಕ್ಷರ ಬರೆಯುವುದು ಅವರು ಹಾಕಿಕೊಟ್ಟ ರೂಢಿ.

ಗೌಲ್ಡ್ ಅವರ ಹೆಸರಿನ ಮುಂದೆ ತಪ್ಪು ಬರೆಯಲೇಬೇಕು, ನನಗೆ ಎಷ್ಟೇ ಬೇಸರವಾದರೂ. ಆದರೆ ಹತ್ತನೆಯ ಇನ್ನಿಂಗ್ಸ್‌ನಲ್ಲಿ ಜಾರ್ಜ್ ಬೇಕೆಂದೇ ಬಿಟ್ಟ ಚೆಂಡನ್ನು ದಯವಿಟ್ಟು ತಪ್ಪು ಎಂದು ಬರೆಯಬೇಡಿ.